ಮಡುವಿಗೆ ಮದ್ದು

ಮೀನು ಹಿಡಿದು ಮತ್ತೆ ನೀರಿಗೇ ಬಿಡುವವನಿಗೆ ನಮ್ಮ ಕಡೆ ಎರಡೇ ಹೆಸರು: ಒಂದು ತಿಕ್ಕಲು, ಇನ್ನೊಂದು ಕಳ್ಳ. ಬಿಟ್ಟೆ ಎಂಬುದನ್ನು ನಂಬಿದವರು ತಿಕ್ಕಲು ಎನ್ನುತ್ತಿದ್ದರು, ನಂಬದವರು ಕಳ್ಳ ಎನ್ನುತ್ತಿದ್ದರು. ತೊಂಬತ್ತರ ದಶಕದ ಬಹುಪಾಲು ನಾನು ಈ ಎರಡೂ ಹೆಸರುಗಳನ್ನು ಹೊತ್ತುಕೊಂಡು ಓಡಾಡಿದೆ. ಅರಸೀಕೆರೆಯ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ವಾರವಿಡೀ ಕೊಬ್ಬರಿ ಮೂಟೆಗಳ ಧೂಳು ಕುಡಿದು, ರಜೆಯ ದಿನವಾದ ಶನಿವಾರ ಬೆಳಗ್ಗೆ ಜಾವಗಲ್ಲು, ಹಳೇಬೀಡಿನ ಮೇಲೆ ಹೋಗುವ ಬೇಲೂರು ಬಸ್ಸು ಹತ್ತುತ್ತಿದ್ದೆ. ಹಳೇ ಪಂಚೆಯಲ್ಲಿ ಸುತ್ತಿದ ಗಾಳದ ಕೋಲನ್ನು ಕಂಡು ಕಂಡಕ್ಟರು, ‘ಏನ್ ಸಾರ್, ಕೋವಿನಾ?’ ಎಂದು ಪ್ರತಿ ವಾರವೂ ಕೇಳಿ ಪ್ರತಿ ವಾರವೂ ತಾನೇ ನಗುತ್ತಿದ್ದ. ಗುಡಿ ನೋಡುವವರು ಹಳೇಬೀಡಿನಲ್ಲಿ ಇಳಿದ ಮೇಲೆ ನನಗೆ ಸೀಟು ಸಿಗುತ್ತಿತ್ತು.

ಆ ಕೋಲು ನಾನು ಕೊಂಡದ್ದಲ್ಲ. ನಿವೃತ್ತರಾಗಿ ಊರು ಬಿಡುವಾಗ ನಮ್ಮ ಹಿರಿಯ ಡ್ರೈವರೊಬ್ಬರು ಕೊಟ್ಟುಹೋದದ್ದು. ಜೊತೆಗೆ ಒಂದು ಉಪದೇಶವನ್ನೂ ಕೊಟ್ಟಿದ್ದರು: ‘ದೊಡ್ಡ ಮೀನು ತಿಂದ್ರೆ ಒಂದು ದಿನ. ಬಿಟ್ರೆ ಎಲ್ಲಾ ಶನಿವಾರ.’ ಧರ್ಮಸೂಕ್ಷ್ಮವೇನೂ ಇಲ್ಲದ ಆ ಮಾತು ನನಗೆ ಚೆನ್ನಾಗಿ ಹಿಡಿಸಿತು.

ಬೇಲೂರಿನ ಕೆಳಗೆ ಯಗಚಿ ಹೊಳೆ ಬಂಡೆಗಳ ನಡುವೆ ಮೈತಿರುಗಿಸುವ ಕಡೆ ಒಂದು ಮಡು ಇತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿ ದಾರವಾದರೂ ಅಲ್ಲಿ ಆಳೆತ್ತರಕ್ಕಿಂತ ಹೆಚ್ಚು ನೀರು ನಿಲ್ಲುತ್ತಿತ್ತು. ಆ ನೀರಿನಲ್ಲಿ ಬಿಳಿಮೀನುಗಳಿದ್ದವು. ಪುಸ್ತಕದವರು ಅದನ್ನು ಮಹಶೀರ್ ಎನ್ನುತ್ತಾರೆ. ದಪ್ಪ ತುಟಿ, ಅಂಗೈಯಷ್ಟಗಲದ ಹುರುಪೆ, ಬಿಸಿಲಿಗೆ ತಿರುಗಿದಾಗ ಹಿತ್ತಾಳೆ ಬಣ್ಣ. ಒಂದು ಕಾಲಕ್ಕೆ ಹೊಳೆಯುದ್ದಕ್ಕೂ ಇದ್ದವಂತೆ. ಸಣ್ಣ ಕಣ್ಣಿನ ಬಲೆ ಬಂತು, ಬೇಸಿಗೆಯ ಗುಂಡಿಗಳಿಗೆ ಬ್ಲೀಚಿಂಗ್ ಪುಡಿ ಸುರಿಯುವವರು ಬಂದರು, ಕಲ್ಲು ಕ್ವಾರಿಯ ಸಿಡಿತದ ಸಾಮಾನು ಹೊಳೆಗೆ ಎಸೆಯುವವರು ಬಂದರು. ನಾನು ಹೋಗುವ ಹೊತ್ತಿಗೆ ಆ ಒಂದು ಮಡುವಿನಲ್ಲಿ ಮಾತ್ರ ದೊಡ್ಡವು ಉಳಿದಿದ್ದವು.

ಆ ಮಡುವಿನಲ್ಲಿ ಬಲೆ ಬಿಟ್ಟು ಬದುಕುತ್ತಿದ್ದವರು ಹತ್ತಿರದ ಹಳ್ಳಿಯ ಒಬ್ಬ ಹಿರಿಯರು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಒಂದು ತೆಪ್ಪ ಇಟ್ಟುಕೊಂಡಿದ್ದರು. ನಾನು ಅವರನ್ನು ತೆಪ್ಪದಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಸಾಮಿ ಎನ್ನುತ್ತಿದ್ದರು. ಕೇರಿಯಲ್ಲಿ ಹುಟ್ಟಿದವನಿಗೆ ಸಾಮಿ ಎಂಬ ಪದ ಕಿವಿಗೆ ಎಷ್ಟು ಹಿತ ಎಂಬುದು ಇತರರಿಗೆ ತಿಳಿಯುವುದು ಕಷ್ಟ. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ.

ಮೊದಲ ಸಲ ನಾನು ದೊಡ್ಡ ಮೀನೊಂದನ್ನು ಹಿಡಿದು, ದರ್ಜಿಯ ಟೇಪಿನಿಂದ ಅಳೆದು, ನೀರಿಗೆ ಬಿಟ್ಟಾಗ ಅವರು ಬಂಡೆಯ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ನಗು ಬರಲಿಲ್ಲ, ಸಿಟ್ಟು ಬಂತು. ‘ಕೈಗೆ ಬಂದಿದ್ದ ಅನ್ನವ ಒದ್ದಂಗಾಯ್ತಲ್ಲ ಸಾಮಿ,’ ಎಂದು ಎದ್ದುಹೋದರು. ಆರು ತಿಂಗಳು ನನ್ನೊಂದಿಗೆ ಮಾತಿಲ್ಲ. ಅವರ ಮನಸ್ಸು ತಿರುಗಿಸಿದ್ದು ನಾನಲ್ಲ, ಅದೇ ಮೀನು. ಬಾಲದ ಮೇಲ್ಭಾಗ ಹರಿದಿದ್ದ ಅದು ಮುಂದಿನ ವರ್ಷ ಮತ್ತೆ ನನ್ನ ಗಾಳಕ್ಕೆ ಬಂತು. ನಾನು ಟೇಪು ಬಿಚ್ಚುವ ಮೊದಲೇ ಅವರು ತೆಪ್ಪದಿಂದ, ‘ಇದು ಅವತ್ತಿಂದೇ ಕಣ್ ಸಾಮಿ, ಒಂದ್ ಗೇಣು ಬೆಳ್ದೈತೆ,’ ಎಂದರು. ಅದರ ಮುಂದಿನ ವರ್ಷವೂ ಬಂತು. ತಾವು ಕೊಯ್ದು ಮಾರಿದ್ದರೆ ಎರಡು ದಿನದ ಮಾತಾಗುತ್ತಿದ್ದ ಮೀನು ಮೂರು ವರ್ಷ ಕಣ್ಣೆದುರು ಬೆಳೆದದ್ದನ್ನು ಅವರು ತಮ್ಮ ಲೆಕ್ಕದಲ್ಲೇ ಯೋಚಿಸಿರಬೇಕು. ಆ ಬೇಸಿಗೆ ಅವರ ಬಲೆ ಅಟ್ಟಕ್ಕೆ ಹೋಯಿತು.

ಆಮೇಲೆ ಗಾಳದ ಚಟದ ನಾವು ಐದು ಜನ ಸೇರಿ ತಿಂಗಳು ತಿಂಗಳು ಅವರ ಜೀವನಕ್ಕೆ ಆಗುವಷ್ಟು ಕೊಡುವುದೆಂದೂ, ಅವರು ಮಡು ಕಾಯುವುದೆಂದೂ ಮಾತಾಯಿತು. ಬರೆದು ಸಹಿ ಮಾಡಿದ್ದೇನಿಲ್ಲ. ನಾವು ಕೊಕ್ಕೆಯ ಒಳಮುಳ್ಳನ್ನು ಅರದಿಂದ ಉಜ್ಜಿ ತೆಗೆಯುತ್ತಿದ್ದೆವು, ಸುಲಭವಾಗಿ ಬಿಡಿಸಲಿ ಎಂದು. ಕೈ ಒದ್ದೆ ಮಾಡಿಕೊಳ್ಳದೆ ಮೀನು ಮುಟ್ಟುತ್ತಿರಲಿಲ್ಲ. ಉದ್ದ, ಗುರುತು, ಗಾಯ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆವು. ಗಾಳಕ್ಕೆ ಕಟ್ಟುತ್ತಿದ್ದುದು ಬಿರುಸಾಗಿ ತೊಳಸಿದ ರಾಗಿಮುದ್ದೆ. ‘ಮನುಷ್ಯರಿಗೆ ಕಟ್ಟಿದ್ದು ಸಾಲ್ದು ಅಂತ ಮೀನಿಗೂ ಮುದ್ದೆ ಕಟ್ಟಬೇಕು ನಾನು,’ ಎಂದು ಅಮ್ಮ ಶುಕ್ರವಾರ ಸಂಜೆ ಗೊಣಗುತ್ತಿದ್ದಳು. ಸಂರಕ್ಷಣೆ ಎಂಬ ದೊಡ್ಡ ಪದ ನಮ್ಮ ಬಾಯಲ್ಲಿ ಇರಲಿಲ್ಲ. ವಾರಕ್ಕೆರಡು ದಿನ ನಮ್ಮಲ್ಲಿ ಯಾರಾದರೂ ದಡದಲ್ಲಿ ಕೂತಿರುತ್ತಿದ್ದೆವು, ಉಳಿದ ದಿನ ತೆಪ್ಪದಣ್ಣ ಇರುತ್ತಿದ್ದರು. ಕದಿಯಲು ಬಂದವರು ನಮ್ಮನ್ನು ಕಂಡು ಬೇರೆ ದಾರಿ ಹಿಡಿಯುತ್ತಿದ್ದರು. ನಾಲ್ಕನೆಯ ವರ್ಷ ಮಡುವಿನ ಅಂಚಿನ ತೆಳು ನೀರಿನಲ್ಲಿ ಬೆರಳುದ್ದದ ಬಿಳಿಮೀನು ಮರಿಗಳು ಕಂಡಾಗ ಅವರು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು.

ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಇರಲಿಲ್ಲ. ನಮ್ಮದು ಬೌದ್ಧರ ಮನೆ. ಮೇಷ್ಟ್ರಾಗಿದ್ದ ಅಪ್ಪ ಬೆಳಗ್ಗೆ ಪಂಚಶೀಲ ಹೇಳದೆ ಕಾಫಿ ಮುಟ್ಟಿದವರಲ್ಲ. ‘ಕೊಲ್ಲಲ್ಲ ಅಂತೀಯ, ಸರಿ. ತುಟಿಗೆ ಕೊಕ್ಕೆ ಚುಚ್ಚೋದು ಯಾವ ಶೀಲ?’ ಎಂದು ಕೇಳಿದರು. ನಾವು ಅಲ್ಲಿರುವುದರಿಂದಲೇ ಮೀನು ಉಳಿದಿದೆ ಎಂದೆ. ‘ಹಾಗಾದ್ರೆ ಗಾಳ ಮನೇಲಿಟ್ಟು ಹೋಗಿ ಕೂತ್ಕೋ.’ ಆ ಶನಿವಾರವೂ ಗಾಳ ಹಿಡಿದೇ ಹೋದೆ. ಈಗಾದರೆ ಉತ್ತರ ಹೇಳಬಲ್ಲೆ: ಬರಿಗೈಯಲ್ಲಿ ಕೂತು ಹೊಳೆ ಕಾಯುವಷ್ಟು ಒಳ್ಳೆಯವನು ನಾನಲ್ಲ. ಆಸೆ ಇತ್ತು, ಅದಕ್ಕೇ ಹೋದೆ. ನನ್ನಂಥವರ ಆಸೆಯಿಂದಲೇ ಆ ಮಡು ಏಳೆಂಟು ವರ್ಷ ಉಳಿಯಿತು. ಮೀನಿಗೆ ನೋವಾಗುತ್ತಿತ್ತು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದೆ ಬೇರೆ ದಾರಿ ನನಗೆ ಕಂಡಿಲ್ಲ.

ಹಾಳಾದದ್ದು ಒಂದು ಪದದಿಂದ.

ಒಂದು ಚಳಿಗಾಲ ಹಿಡಿದ ಮೀನುಗಳ ಮೈಮೇಲೆ ಕೆಂಪು ಹುಣ್ಣು ಕಾಣಿಸತೊಡಗಿತು. ವಾರವಾರವೂ ಮೀನು ಎತ್ತಿ ನೋಡುತ್ತಿದ್ದ ನಮಗಲ್ಲದೆ ಇನ್ನಾರಿಗೂ ಅದು ತಿಳಿಯುವ ಹಾಗಿರಲಿಲ್ಲ. ಯಾರಾದರೂ ಬಂದು ನೀರಿಗೆ ಔಷಧಿ ಹಾಕಬೇಕೆಂದು ನಾನು ಸರ್ಕಾರಕ್ಕೆ ಒಂದು ಅರ್ಜಿ ಬರೆದೆ. ಮೂರು ಪುಟದ ಅರ್ಜಿ, ನೋಟ್‌ಬುಕ್ಕಿನ ವಿವರಗಳ ಸಮೇತ. ಬರೆದದ್ದನ್ನು ಎರಡೆರಡು ಸಲ ಓದಿ ಸಂತೋಷಪಟ್ಟವನು ನಾನೇ. ತೆಪ್ಪದಣ್ಣ ಊರಿನಲ್ಲೆಲ್ಲ, ‘ಸಾಮಿಯೋರು ಮಡುಗೆ ಮದ್ದು ಹಾಕುಸ್ತಾರೆ,’ ಎಂದು ಹೇಳಿಕೊಂಡು ಬಂದರು. ಒಂದು ತಿಂಗಳು ಹಳ್ಳಿಯಲ್ಲಿ ಅದೇ ಮಾತು. ಮದ್ದಿನವರು ಯಾವಾಗ ಬರ್ತಾರೆ, ಮದ್ದು ಹಾಕಿದ ನೀರು ದನ ಕುಡಿಯಬಹುದಾ ಎಂದು ನನ್ನನ್ನು ಕೇಳುವವರು, ಡಾಕ್ಟರನ್ನು ಕೇಳಿದ ಹಾಗೆ ಕೇಳುತ್ತಿದ್ದರು.

ಫೆಬ್ರವರಿಯಲ್ಲಿ ತೆಪ್ಪದಣ್ಣ ನನಗೊಂದು ಜವಾಬ್ದಾರಿ ವಹಿಸಿದರು. ಅವರ ಕೊನೆಯ ಮಗಳಿಗೆ ಬಾಣಾವರದ ಕಡೆಯಿಂದ ಸಂಬಂಧ ಬಂದಿತ್ತು. ‘ಶನಿವಾರ ಗಂಡಿನ ಮನೆ ನೋಡಕ್ಕೋಗ್ತೀವಿ. ಅವತ್ತು ನೀವು ಮಡುತಾವ ಇರ್ತೀರಲ್ಲ ಸಾಮಿ, ಅದ್ಕೇ ಶನಿವಾರಾನೇ ಗೊತ್ತುಮಾಡ್ದೆ,’ ಎಂದರು. ನಮ್ಮ ಉಳಿದ ನಾಲ್ವರು ಬರುತ್ತಿದ್ದುದು ಭಾನುವಾರ. ಆಗಲಿ, ನಿಶ್ಚಿಂತೆಯಿಂದ ಹೋಗಿಬನ್ನಿ ಎಂದೆ.

ಆ ಶನಿವಾರ ಹೊಳೆಗೆ ಇಳಿಯುವ ದಾರಿಯ ಟೀ ಅಂಗಡಿಯಲ್ಲಿ ಕೂತೆ. ಅಂಗಡಿಯವನು ಲೋಟ ಇಡುತ್ತಾ ದನಿ ತಗ್ಗಿಸಿ, ‘ಮಡುಗೆ ಮದ್ದು ಹಾಕೋರು ಬಂದವ್ರೆ ಸಾರ್. ಅಗೋ, ಆಲದ್ಮರದ್ ತಾವ ಜೀಪು,’ ಎಂದ. ಸರ್ಕಾರದವರು ಬಂದಿದ್ದಾರೆಂದು ಭಯಭಕ್ತಿಯಿಂದ ದನಿ ತಗ್ಗಿಸಿದ್ದಾನೆ ಎಂದುಕೊಂಡೆ. ಮೂರು ಪುಟದ ಅರ್ಜಿಗೆ ಕೊನೆಗೂ ಬೆಲೆ ಬಂತಲ್ಲ ಎಂದು ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಜೀಪಿನ ಬಳಿ ಮೂವರಿದ್ದರು. ‘ಮಡುಗೆ ಮದ್ದು ಹಾಕೋಕೆ ಬಂದೋರು ನೀವೇನಾ?’ ಎಂದು ನಾನೇ ಕೇಳಿದೆ. ಮೂವರೂ ಬೆಚ್ಚಿ ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬ, ‘ಹೂಂ ಸಾರ್,’ ಎಂದ. ‘ನಾನೇ ಅರ್ಜಿ ಬರೆದಿದ್ದು,’ ಎಂದೆ. ಅವನು ಇನ್ನೂ ಮೆತ್ತಗೆ, ‘ಹೂಂ ಸಾರ್, ಗೊತ್ತು,’ ಎಂದ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣಿನ ಮೇಲೆ ಮಡುವಿನ ಚಿತ್ರ ಬರೆದೆ. ಇಲ್ಲಿ ತೆಳುನೀರು, ಇಲ್ಲಿ ಹಾಕಿದರೆ ವ್ಯರ್ಥ. ಇದು ದೊಡ್ಡ ಬಂಡೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಮೀನುಗಳೆಲ್ಲ ಈ ಬಂಡೆಯ ಅಡಿಯ ಪೊಟರೆಗೆ ಸೇರುತ್ತವೆ, ಅಲ್ಲೇ ಹಾಕಿ, ಒಂದೂ ತಪ್ಪುವುದಿಲ್ಲ. ಅವರು ತಲೆಯಾಡಿಸುತ್ತಾ ಕೇಳಿದರು. ಒಬ್ಬನಂತೂ ‘ಸಾರ್, ಇನ್ನೊಂದ್ಸಲ ಹೇಳಿ’ ಎಂದು ಕೇಳಿ ತಿಳಿದುಕೊಂಡ. ಆಫೀಸಿನಲ್ಲಿ ನನ್ನ ಮಾತನ್ನು ಅಷ್ಟು ಗಮನಕೊಟ್ಟು ಕೇಳಿದವರು ಯಾರೂ ಇರಲಿಲ್ಲ.

ಮದ್ದು ಹಾಕಿದ ನೀರಿಗೆ ಗಾಳ ಬಿಡುವುದು ಸರಿಯಲ್ಲ ಎಂದು ನಾನು ಅಲ್ಲಿಂದಲೇ ವಾಪಸಾದೆ. ಅರಸೀಕೆರೆಯ ಮನೆಗೆ ಬಂದು ಹೊಟ್ಟೆತುಂಬ ಉಂಡು ಮಲಗಿದ್ದು ಚೆನ್ನಾಗಿ ನೆನಪಿದೆ.

ಮುಂದಿನ ಶನಿವಾರ ಗುಣವಾದ ಮೀನು ನೋಡಲು ಉಮೇದಿನಿಂದ ಹೋದೆ. ಟೀ ಅಂಗಡಿ ಬಾಗಿಲು ಹಾಕಿತ್ತು. ಹೊಳೆಗೆ ಇಳಿಯುವ ಮೊದಲೇ ನಾತ ಬಡಿಯಿತು. ಮಡುವಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ತೆಪ್ಪದಣ್ಣ ದಡದಲ್ಲಿ ಗುದ್ದಲಿ ಹಿಡಿದು ಮಣ್ಣು ಎಳೆಯುತ್ತಿದ್ದರು. ದೊಡ್ಡ ಮೀನುಗಳನ್ನು ಜೀಪಿನವರು ಅಂದೇ ಹೊತ್ತೊಯ್ದಿದ್ದರು. ಒಳಗೆ ಒಡೆದು ತಳಕ್ಕೆ ಮುಳುಗಿದವು ಮೂರನೆಯ ದಿನದಿಂದ ಮೇಲೆದ್ದು ಬರುತ್ತಿದ್ದವು. ಬೆರಳುದ್ದದ ಮರಿಗಳು ಅಂಚಿನಲ್ಲಿ ಹೊಟ್ಟು ತೇಲಿದ ಹಾಗೆ ತೇಲುತ್ತಿದ್ದವು. ಅವರು ತಲೆ ಎತ್ತಿ ನನ್ನನ್ನು ನೋಡಿ, ‘ಮದ್ದು ಹಾಕ್ಬುಟ್ರು ಸಾಮಿ,’ ಎಂದರು.

ಅದೇ ಪದ. ಒಂದಕ್ಷರವೂ ಬೇರೆಯಲ್ಲ. ರೋಗಕ್ಕೆ ಕೊಡುವುದೂ ಮದ್ದು, ಬಂಡೆ ಒಡೆಯುವುದೂ ಮದ್ದು. ಹುಟ್ಟಿದಾಗಿನಿಂದ ಎರಡನ್ನೂ ಕೇಳುತ್ತಾ ಬೆಳೆದವನು ನಾನು. ಬಂಡೆಯ ಒಂದು ಪಕ್ಕ ಹೊಸದಾಗಿ ಸೀಳಿತ್ತು. ನಾನು ತೋರಿಸಿದ್ದ ಪಕ್ಕವೇ.

‘ಹೋದ್ ಶನಿವಾರ ನೀವು ಬರ್ನಿಲ್ವಾ ಸಾಮಿ?’ ಎಂದು ಕೇಳಿದರು.

‘ಇಲ್ಲಣ್ಣ. ಡ್ಯೂಟಿ ಹಾಕ್ಬಿಟ್ರು,’ ಎಂದೆ.

ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂಬುದು ನನಗೇ ಗೊತ್ತಿರಲಿಲ್ಲ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ‘ಹಂಗಾ,’ ಎಂದು ಗುದ್ದಲಿ ಎತ್ತಿಕೊಂಡರು. ನಾನೂ ಪಂಚೆ ಕಟ್ಟಿ ಇಳಿದು ಸಂಜೆಯವರೆಗೆ ಸತ್ತ ಮೀನು ಬಾಚಿ ಹೂಳಿದೆ. ಬಾಲ ಹರಿದ ಮೀನು ಅದರಲ್ಲಿ ಇರಲಿಲ್ಲ. ಅದನ್ನು ಯಾರೋ ತಿಂದು ಮುಗಿಸಿ ವಾರವಾಗಿತ್ತು.

ಇಷ್ಟೇ ಆಗಿದ್ದರೆ ಪೆದ್ದುತನ ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಹಳ್ಳಿಯವರು ಸುಮ್ಮನಿರಲಿಲ್ಲ. ದೊಡ್ಡ ಮೀನು ಮಧ್ಯಾಹ್ನ ಯಾವ ಬಂಡೆಯಡಿ ಸೇರುತ್ತವೆ ಎಂಬುದು ತೆಪ್ಪದಣ್ಣನಿಗೆ ಬಿಟ್ಟರೆ ಯಾರಿಗೆ ಗೊತ್ತು? ಅವತ್ತೇ ಏಕೆ ಅವರು ಊರಿನಲ್ಲಿರಲಿಲ್ಲ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು, ಎಂದು ನನ್ನೆದುರೇ ಒಬ್ಬರು ಅಂದರು. ಅವನೇ ಜಾಗ ತೋರಿಸಿ ಬಾಣಾವರಕ್ಕೆ ಜಾರಿಕೊಂಡ, ಮಗಳ ಮದುವೆಗೆ ದಾರಿ ಮಾಡಿಕೊಂಡ ಎಂದರು. ನಮ್ಮ ಐವರಲ್ಲೇ ಇಬ್ಬರು ಅದನ್ನು ನಂಬಿದರು. ಪೊಲೀಸಿಗೆ ದೂರು ಕೊಡೋಣ, ಜೀಪು ನೋಡಿದವರು ಯಾರಾದರೂ ಸಿಕ್ಕಿದರೆ ಸಾಕು ಎಂದು ಇನ್ನೊಬ್ಬರು ಓಡಾಡಿದರು. ಜೀಪು ನೋಡಿದವನು ಪಕ್ಕದಲ್ಲೇ ಕೂತಿದ್ದ. ಸರ್ಕಾರಿ ನೌಕರಿ, ಕೋರ್ಟು, ಊರಿನವರ ಮುಂದೆ ಅವಮಾನ ಎಂದು ನಾನು ಬಾಯಿ ಬಿಡಲಿಲ್ಲ. ಸುಮ್ಮನಿರುವುದು ಸುಳ್ಳಲ್ಲವಲ್ಲ ಎಂದು ಒಳಗೊಳಗೇ ವಾದ ಮಾಡಿಕೊಂಡೆ. ಅಪ್ಪನ ಪಂಚಶೀಲದ ನಾಲ್ಕನೆಯದು, ಸುಳ್ಳಾಡೆನೆಂಬುದು, ಬರುವಾಗ ಬೆಳಗ್ಗೆ ಬಚ್ಚಲಿಗೆ ಹೋಗಿಬಿಡುತ್ತಿದ್ದೆ.

ಕೆಲವು ದಿನಗಳಲ್ಲೇ ಬಾಣಾವರದವರು ಸಂಬಂಧ ಬೇಡವೆಂದು ಹೇಳಿಕಳಿಸಿದರು ಎಂಬ ಸುದ್ದಿ ಬಂತು. ಕಾರಣ ನಾನು ಕೇಳಲಿಲ್ಲ.

ಆಮೇಲೆ ನಾನು ಗಾಳ ಹಾಕುವುದನ್ನೇ ಬಿಟ್ಟೆ. ಅಪ್ಪನಿಗೆ ಸಂತೋಷವಾಯಿತು, ಮಗ ಕೊನೆಗೂ ಬುದ್ಧನ ಮಾತು ಕೇಳಿದ ಎಂದುಕೊಂಡರು. ಹಾಗೆ ಬಿಟ್ಟದ್ದು ನನ್ನ ಎರಡನೆಯ ತಪ್ಪು. ನಾನು ಹೋಗದಿದ್ದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ದಡದಲ್ಲಿ ಕೂರುವವರು ಹೋದರು, ಬೇಸಿಗೆಯಲ್ಲಿ ಮಡುವಿಗೆ ಪುಡಿ ಸುರಿಯುವವರು ಹಗಲಲ್ಲೇ ಬರತೊಡಗಿದರು. ಅಳಿದುಳಿದ ಮೀನಿಗೆ ನಮ್ಮ ಕೊಕ್ಕೆಯ ನೋವಾದರೂ ಇದ್ದಿದ್ದರೆ ಅವು ಬದುಕಿರುತ್ತಿದ್ದವು. ಇದನ್ನು ಅಪ್ಪನಿಗೆ ಹೇಳುವ ಧೈರ್ಯವಾಗಲಿಲ್ಲ, ಹೇಳಿದರೆ ಉಳಿದದ್ದೆಲ್ಲವನ್ನೂ ಹೇಳಬೇಕಾಗುತ್ತಿತ್ತು.

ಐದು ವರ್ಷ ಹೀಗೇ ಕಳೆಯಿತು. ಆಗಲೇ ಎರಡು ಸಾವಿರದ ಇಸವಿ ದಾಟಿತ್ತು. ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ಮುಂಚೆ ತೆಪ್ಪದಣ್ಣನನ್ನು ಹುಡುಕಿಕೊಂಡು ಹೋದೆ. ಹೊಳೆಯ ಕಡೆ ಅವರಿರಲಿಲ್ಲ. ಹಳೇಬೀಡು ಕೆರೆಯನ್ನು ಗುತ್ತಿಗೆ ಹಿಡಿದವರ ಬಳಿ ಬಲೆ ಎಳೆಯುವ ಕೂಲಿಗೆ ಸೇರಿದ್ದಾರೆ ಎಂದರು. ಏರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತು ಜಿಲೇಬಿ ಎಂಬ ಕೆರೆಮೀನುಗಳನ್ನು ಗಾತ್ರ ನೋಡಿ ಬೇರೆ ಮಾಡುತ್ತಿದ್ದರು. ತೀರಾ ಇಳಿದುಹೋಗಿದ್ದರು. ನನ್ನನ್ನು ಕಂಡು, ‘ಬನ್ನಿ ಸಾಮಿ,’ ಎಂದು ಪಕ್ಕದ ಕಲ್ಲು ಒರೆಸಿಕೊಟ್ಟರು.

ಕೂತ ತಕ್ಷಣವೇ ಹೇಳಿಬಿಟ್ಟೆ. ಜೀಪು, ಮಣ್ಣಿನ ಮೇಲೆ ಬರೆದ ಚಿತ್ರ, ಡ್ಯೂಟಿಯ ಸುಳ್ಳು, ಎಲ್ಲವನ್ನೂ. ಹೇಳುವಾಗ ಅತ್ತೆ. ಅಳು ನನ್ನ ಸಲುವಾಗಿಯೇ ಇತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅವರ ಕೈ ನಿಲ್ಲಲಿಲ್ಲ. ಸಣ್ಣವು ಒಂದು ಕಡೆ, ದೊಡ್ಡವು ಒಂದು ಕಡೆ ಹಾಕುತ್ತಲೇ ಇದ್ದರು.

‘ಗೊತ್ತಿತ್ತು ಕಣ್ ಸಾಮಿ,’ ಎಂದರು.

‘ಏನು ಗೊತ್ತಿತ್ತು?’

‘ಟೀ ಅಂಗ್ಡಿಯೋನು ಅವತ್ತೇ ಸಂಜೆ ಬಂದು ಹೇಳ್ದ. ನೀವೋಗಿ ಅವ್ರನ್ನ ಬೈದು ಓಡುಸ್ತೀರ ಅಂತ ಅವ್ನು ನಿಮ್ಗೆ ಹೇಳಿದ್ನಂತೆ. ನೀವು ಕುಂತ್ಕಂಡು ಜಾಗ ತೋರ್ಸೋದ ಕಂಡು ಹೆದ್ರುಬುಟ್ಟ. ಸಾಮಿಯೋರು ಕಾಸು ತಿಂದವ್ರೆ ಅಂದ. ನಾನೇ ಬಾಯಿಮುಚ್ಚು ಅಂದೆ. ಏನೋ ತಪ್ಪು ತಿಳ್ಕಂಡಿರ್ತಾರೆ, ಬರೋ ಶನಿವಾರ ಬಂದು ಅವ್ರೇ ಹೇಳ್ತಾರೆ, ಅಲ್ಲೀಗಂಟ ಯಾರ್ಗೂ ಅನ್ಬ್ಯಾಡ ಅಂದೆ.’

ಶನಿವಾರ ನಾನು ಬಂದಿದ್ದೆ. ಅವರು ಕೇಳಿಯೂ ಇದ್ದರು.

‘ಊರೋರೆಲ್ಲ ನಿಮ್ಮನ್ನ ಅಂದಾಗಾದ್ರೂ ಹೇಳ್ಬೋದಿತ್ತಲ್ಲಣ್ಣ,’ ಎಂದೆ. ಈ ಮಾತು ನನ್ನ ಬಾಯಲ್ಲಿ ಎಷ್ಟು ನಾಚಿಕೆಗೇಡು ಎಂಬುದು ಆಡಿದ ಮೇಲೆ ತಿಳಿಯಿತು.

‘ನಾನು ಹೇಳಿದ್ರೆ ಯಾರು ನಂಬೋರು? ನೀವು ಓದಿದೋರು, ನಾನು ಬಲೆಯೋನು. ನೀವೇ ಹೇಳ್ಬೇಕಿತ್ತು.’ ಒಂದು ಸಣ್ಣ ಮೀನನ್ನು ಅತ್ತ ಎಸೆದು ಮತ್ತೆ ಅಂದರು, ‘ಮಗ್ಳಿಗೆ ಆಮೇಲೆ ಎಲ್ಲೂ ಕೂಡಿಬರ್ನಿಲ್ಲ. ಗಾರ್ಮೆಂಟ್ಸ್‌ಗೋಯ್ತಾಳೆ ಈಗ. ನಿಮ್ಮುನ್ನ ಬೈಯಲ್ಲ ಅವ್ಳು. ಅವ್ಳಿಗೂ ನಾನು ಹೇಳಿಲ್ಲ.’

ನಾನು ಹೋಗಿ ಊರಿನವರಿಗೆಲ್ಲ ನಿಜ ಹೇಳುತ್ತೇನೆ ಎಂದೆ. ಅವತ್ತು ಸಂಜೆ ಹಳ್ಳಿಗೆ ಹೋಗಿ ಅರಳಿಕಟ್ಟೆಯಲ್ಲಿ ಕೂತಿದ್ದವರ ಮುಂದೆ ಹೇಳಿದೆ ಕೂಡ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕೆಲವರು ನಂಬಿದರು, ಕೆಲವರು ಮುದುಕ ಬಲವಂತ ಮಾಡಿ ಹೇಳಿಸಿದ್ದಾನೆ ಎಂದರು.

ಆದರೆ ಅದು ಆಮೇಲಿನ ಮಾತು. ಕೆರೆ ಏರಿಯ ಮೇಲೆ ನಾನು ಹೊರಡಲು ಎದ್ದಾಗ ತೆಪ್ಪದಣ್ಣ ಕೈ ತೊಳೆದುಕೊಂಡು, ಅವತ್ತು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

‘ಬಿಳಿಮೀನು ಪೂರ್ತಿ ಹೋಗಿಲ್ಲ ಸಾಮಿ. ಮೇಲ್ಗಡೆ ಒಂದ್ ತಾವ ಐದಾರು ಅವೆ. ಹೋದ್ ಮಳೆಗಾಲ್ದಾಗೆ ಮರೀನೂ ಕಂಡೆ.’

‘ಎಲ್ಲಣ್ಣ?’ ಎಂದು ನನಗೆ ಗೊತ್ತಿಲ್ಲದೆಯೇ ಕೇಳಿಬಿಟ್ಟೆ.

ಅವರು ಪ್ಲಾಸ್ಟಿಕ್ ಹಾಳೆ ಮಡಿಸುತ್ತಾ, ‘ಅದ್ನ ಯಾರ್ಗೂ ಹೇಳಾಕಿಲ್ಲ,’ ಎಂದರು. ‘ನಿಮ್ಗೂ ಹೇಳಾಕಿಲ್ಲ.’